ದೃಷ್ಟಿಬೊಟ್ಟು

ಬಾಗಿಲು ತಟ್ಟಿದ್ದು ಕೇಳಿದ್ದೇ ತಡ, ಸುಮನಾ ಮಗಳ ಕೆನ್ನೆಗೆ ಇನ್ನೊಂದು ಕಾಡಿಗೆ ಬೊಟ್ಟು ಒತ್ತಿದಳು.

ತುಮಕೂರಿನ ಕಾಲೇಜಿನಿಂದ ಗುಬ್ಬಿಗೆ ಬಂದ ಇಬ್ಬರು ಹುಡುಗಿಯರು. ಪುಟ್ಟ ಮಕ್ಕಳು ತಮ್ಮ ಬಗ್ಗೆ ತಾವೇ ಏನಂದುಕೊಂಡಿದ್ದಾರೆ, ಅದು ಹೆತ್ತವರಿಗೆ ಎಷ್ಟು ಗೊತ್ತು ಎಂದು ಅಳೆಯುತ್ತಾರಂತೆ. ಅಳೆಯುವುದೆಂದರೇ ಸುಮನಾಳಿಗೆ ನಡುಕ.

“ಎಷ್ಟು ಮುದ್ದಾಗಿದಾಳೆ!” ಎಂದಳು ಒಬ್ಬಳು.

“ಏನ್ ಮುದ್ದು ಬುಡಿ ಮೇಡಂ, ಕರಿಮುಸುಡಿ. ಪೆದ್ದು ಬೇರೆ,” ಎಂದಳು ಸುಮನಾ.

ಪಕ್ಕದಲ್ಲೇ ನಿಂತಿದ್ದ ಮಗಳು ದೀಕ್ಷಾ ಹೂಂ ಎಂದು ತಲೆಯಾಡಿಸಿದಳು.

ಮೊದಲ ಮಗನನ್ನು ನೋಡಿ ಶಿರಾ ಗೇಟ್‌ನ ಬಟ್ಟೆ ಅಂಗಡಿಯಲ್ಲಿ ಯಾರೋ “ಗೊಂಬೆ ಇದ್ದಂಗವ್ನೆ” ಎಂದು ಗಲ್ಲ ಹಿಂಡಿದ್ದರು. ಅದೇ ವಾರ ಜ್ವರ ಬಂತು. ಮಗು ಉಳಿಯಲಿಲ್ಲ. “ಯಾರಾದ್ರೂ ಹೊಗಳುದ್ರೆ ತಕ್ಷಣ ತೆಗಳಿಬುಡು ಕಣೇ, ಕಣ್ಣು ತಾಗಲ್ಲ,” ಎಂದಿದ್ದಳು ಅತ್ತೆ ಕರಿಬಸಮ್ಮ. ದೀಕ್ಷಾಳಾದರೂ ಉಳಿಯಬೇಕು.

ಒಬ್ಬಳು ಚಿತ್ರಗಳ ಒಂದು ಕಟ್ಟು ಹಿಡಿದು ದೀಕ್ಷಾಳನ್ನು ಜಗಲಿಗೆ ಕರೆದೊಯ್ದಳು. ಇನ್ನೊಬ್ಬಳು ಅಂಥದೇ ಕಟ್ಟಿನಿಂದ ಸುಮನಾಳ ಮುಂದೆ ಜೋಡಿ ಚಿತ್ರಗಳನ್ನಿಟ್ಟಳು. ಮರದ ತುದಿಯಲ್ಲಿ ನಗುವ ಮಗು. ಬುಡದಲ್ಲಿ ಅಳುವ ಮಗು.

“‘ಇದು ನಾನು’ ಅಂತ ನಿಮ್ಮ ಮಗಳು ಯಾವುದನ್ನ ತೋರಿಸ್ತಾಳೆ ಅಕ್ಕ?”

ನಿನ್ನೆ ತಾನೇ ದೀಕ್ಷಾ ಸೀಬೆಮರದ ತುದಿಗೇರಿ ಕೂಗು ಹಾಕಿದ್ದಳು. ಅದನ್ನು ನೆನೆದು ಸುಮನಾಳ ಎದೆ ಉಬ್ಬಿತು, ಉಬ್ಬಿದ್ದಕ್ಕೇ ಹೆದರಿದಳು. ಅಳುವ ಮಗುವಿನ ಮೇಲೆ ಬೆರಳಿಟ್ಟಳು. ಮುಂದಿನ ಜೋಡಿಯಲ್ಲಿ ಎಲ್ಲರೂ ಆಟಕ್ಕೆ ಕರೆಯುವ ಮಗು, ಮೂಲೆಯಲ್ಲಿ ಒಂಟಿ ಕೂತ ಮಗು. ಮೂಲೆಯದನ್ನೇ ತೋರಿಸಿದಳು.

ಕೊನೆಯ ಜೋಡಿ ಬಂತು. ಒಂದರಲ್ಲಿ ಅಮ್ಮ ಮಗುವನ್ನು ಅಪ್ಪಿಕೊಂಡಿದ್ದಳು. ಇನ್ನೊಂದರಲ್ಲಿ ಮುಖ ತಿರುಗಿಸಿ ನಿಂತಿದ್ದಳು. ಇದೊಂದನ್ನಾದರೂ ನಿಜ ಹೇಳಲೇ? ಎದುರಿಗಿದ್ದವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಶಿವನೇ, ತಪ್ಪಾಯಿತು ಎಂದು ಮನಸ್ಸಿನಲ್ಲೇ ಕೈಮುಗಿದು, ಮುಖ ತಿರುಗಿಸಿದವಳನ್ನು ತೋರಿಸಿದಳು.

ಈಗ ನಿಜವಾದ ಭಯ ಹಿಡಿಯಿತು. ಹೊರಗೆ ಮಗಳು ಒಳ್ಳೆಯ ಚಿತ್ರಗಳನ್ನೇ ತೋರಿಸಿರುತ್ತಾಳೆ. ಇವರು ಬಾಯಿತುಂಬ ಹೊಗಳುತ್ತಾರೆ. ಸುಮನಾ ಅಡುಗೆಮನೆಗೆ ಓಡಿ, ಅವರು ಹೋದೊಡನೆ ಮಗಳಿಗೆ ನಿವಾಳಿಸಿ ಹಾಕಲು ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಬಂದಳು.

ಹುಡುಗಿಯರು ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಹೊಗಳಿಕೆ ಬರಲಿಲ್ಲ. ಒಬ್ಬಳು ಮೆಲ್ಲಗೆ ತಲೆಯೆತ್ತಿದಳು.

“ತುಂಬ ಜನ ತಾಯಂದ್ರು ತಪ್ಪು ಹೇಳ್ತಾರೆ ಅಕ್ಕ. ನಿಮ್ಮದು ಒಂದೂ ತಪ್ಪಿಲ್ಲ. ದೀಕ್ಷಾನೂ ಅವೇ ಚಿತ್ರ ತೋರಿಸಿದಾಳೆ, ಆ ಕೊನೇದು ಕೂಡ.”