ಒಳಗಿರುವವರಿಗೆ ಒಂದು ಮಾತು

ಅಡುಗೆಮನೆಯ ಹೊಸ್ತಿಲ ಮುಂದೆ ಗಂಡನ ಪಾದಗಳು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಟ್ಟವು. ಹೆಂಡತಿ ಕೈ ಹಿಡಿದು ಎಳೆದಳು. "ಬನ್ನಿ ಅಂದ್ರೆ! ಕಾಫಿ ಆರಿ ತಣ್ಣಗಾಯ್ತು. ಬೇಕಂತಲೇ ಹಟ ಮಾಡ್ತೀರಾ?"

"ಎಳೀಬೇಡ ಕಣೆ, ಬಿದ್ದುಬಿಡ್ತೀನಿ. ಮೇಲಿಂದ ಕರೆಂಟೇ ಬರ್ತಿಲ್ಲ."

ನಿನ್ನೆ ಡಾಕ್ಟರು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಪಾರ್ಕಿನ್ಸನ್ ಬಂದವರ ಮಿದುಳಿನ ಕೆಲವು ಜೀವಕೋಶಗಳಲ್ಲಿ ಶಕ್ತಿ ತಯಾರಾಗುವುದೇ ಕುಂದುತ್ತದಂತೆ. ಅವಳು ತಲೆಯಾಡಿಸಿದ್ದಳೇ ಹೊರತು ನಂಬಿರಲಿಲ್ಲ. ಸೋಮಾರಿತನಕ್ಕೆ ದೊಡ್ಡ ಹೆಸರು ಅಂದುಕೊಂಡಿದ್ದಳು. ಈಗ ಅವನ ಅಂಗೈ ಬೆವರಿತ್ತು. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವನು, ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವನಂತೆ ಬಾಗಿಲನ್ನೇ ದಿಟ್ಟಿಸುತ್ತಿದ್ದ.

ಅವಳು ಎಳೆಯುವುದನ್ನು ಬಿಟ್ಟಳು. ಕೆಟ್ಟು ನಿಂತ ಲಿಫ್ಟಿನಲ್ಲಿದ್ದವರಿಗೆ ಅವನು ಹೊರಗಿನಿಂದ ಕೂಗಿ ಹೇಳುತ್ತಿದ್ದ ಮಾತನ್ನೇ ಅವನ ಕಿವಿಯ ಬಳಿ ಮೆಲ್ಲಗೆ ಹೇಳಿದಳು. "ಒಳಗಿರೋರು ಹೆದರ್ಬೇಡಿ. ಬಾಗಿಲು ತಳ್ಳಬೇಡಿ. ನಾನು ಇಲ್ಲೇ ಇದ್ದೀನಿ."

ಅವನ ಭುಜ ಸಡಿಲವಾಯಿತು. "ಎಷ್ಟು ಜನ ಇದ್ದೀರಿ ಅಂತ ಮೊದಲು ಕೇಳ್ಬೇಕು. ಅದನ್ನೇ ಮರೆತೆಯಲ್ಲೇ!"

"ಸರಿ, ಎಷ್ಟು ಜನ ಇದ್ದೀರಿ?"

"ಒಬ್ಬನೇ."

ಹೀಗೆ ಕಾಲು ನಿಂತುಬಿಟ್ಟಾಗ ದಾಟಲು ಎದುರಿಗೆ ಏನಾದರೂ ಇದ್ದರೆ ಹೆಜ್ಜೆ ಏಳುತ್ತದೆಂದು ಡಾಕ್ಟರು ತೋರಿಸಿಕೊಟ್ಟಿದ್ದಂತೆ ಅವಳು ತನ್ನ ಪಾದವನ್ನು ಅವನ ಪಾದದ ಮುಂದೆ ಅಡ್ಡವಾಗಿ ಇಟ್ಟಳು. "ಇಬ್ಬರು ಅನ್ನಿ."

ಅದನ್ನು ದಾಟಲು ಅವನ ಬಲಗಾಲು ಮೇಲೆದ್ದಿತು.