ಕದಲದ ಕಾರು

ನಿವೃತ್ತ ಗಣಿತ ಶಿಕ್ಷಕಿ ವನಮಾಲಾ ವಿಡಿಯೊ ನೋಡಿಕೊಂಡು, ಬೆಸುಗೆ ಹಾಕುವಾಗ ಎರಡು ಬೆರಳು ಸುಟ್ಟುಕೊಂಡು, ತಮ್ಮ ಮೊದಲ ರಿಮೋಟ್ ಕಾರನ್ನು ಜೋಡಿಸಿದ್ದರು. ಅಂಗಳದಲ್ಲಿಟ್ಟು ಗುಂಡಿ ಒತ್ತಿದರು. ಕಾರು ಕದಲಲಿಲ್ಲ. ಮತ್ತೆ ಮತ್ತೆ ಒತ್ತಿದರು.

ಎದುರುಮನೆಯ ಬಾಗಿಲು ತೆರೆಯಿತು. ಸ್ಕೂಟರ್ ನಿಲ್ಲಿಸುವ ಜಾಗಕ್ಕಾಗಿ ಜಗಳವಾಡಿ ಎರಡು ವರ್ಷದಿಂದ ಮಾತು ಬಿಟ್ಟಿದ್ದ ಗಿರಿಜಾಂಬ ಹೊರಗೆ ಬಂದರು.

“ಅಷ್ಟು ಸಲ ಬೆಲ್ ಹೊಡೆದು ಅಲ್ಲಿ ಹೋಗಿ ನಿಂತ್ರೆ ಹೇಗ್ರೀ? ಒಳಗೆ ಬನ್ನಿ, ಕಾಫಿಗೆ ಇಟ್ಟಿದೀನಿ.”

ವನಮಾಲಾ ಬೆಪ್ಪಾಗಿ, ರಿಮೋಟ್ ಹಿಡಿದುಕೊಂಡೇ ಹೋದರು. ಅರ್ಧ ಲೋಟ ಕಾಫಿ ಕುಡಿಯುವಷ್ಟರಲ್ಲಿ ಮನಸ್ಸು ತಡೆಯಲಿಲ್ಲ.

“ಸುಳ್ಳು ಯಾಕೆ ಹೇಳ್ಲಿ? ನಾನು ಬೆಲ್ ಹೊಡೀಲಿಲ್ಲ. ಈ ರಿಮೋಟಿನ ಸಿಗ್ನಲ್ಲು ನಿಮ್ಮ ವೈರಿಲ್ಲದ ಬೆಲ್‌ಗೆ ತಾಗಿರ್ಬೇಕು.”

ಗಿರಿಜಾಂಬ ಚಕ್ಕುಲಿ ತಟ್ಟೆಯನ್ನು ಮುಂದೆ ತಳ್ಳಿದರು.

“ಆ ಬೆಲ್ ಕೆಟ್ಟು ತಿಂಗಳಾಯ್ತು ಕಣ್ರೀ.”