ಅಧ್ಯಕ್ಷರ ಪರಿಚಯ

ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಸಂಘದ ಹೊಸ ಪದಾಧಿಕಾರಿಗಳನ್ನು ಸಭೆಗೆ ಪರಿಚಯಿಸುವ ದಿನ. ನಿರೂಪಣೆಗೆ ಬಂದಿದ್ದ ಹೆಂಗಸು ವೇದಿಕೆಯ ಪಕ್ಕದಲ್ಲೇ ಅಧ್ಯಕ್ಷರನ್ನು ಕೇಳಿದಳು.

“ಹಾಸ್ಟೆಲ್ಲಲ್ಲಿ ನಿಮ್ಮ ರೂಮಲ್ಲಿ ಗಿರಿಧರ ಅಂತ ಒಬ್ರಿದ್ರಲ್ವಾ ಸರ್?”

ವರ್ಷಗಳಿಂದ ಯಾರೂ ಎತ್ತದ ಹೆಸರು. ಅಧ್ಯಕ್ಷರು ಸುತ್ತ ನೋಡಿ ದನಿ ತಗ್ಗಿಸಿದರು.

“ಇದ್ದ, ಪಾಪ. ಕ್ಯಾಂಪಸ್ ಕೆರೇಲಿ ಕಾಲು ಜಾರಿ ಬಿದ್ದ. ನಾನು ಕೂಗಿ ಜನ ಸೇರ್ಸೋದ್ರೊಳಗೆ ಮುಳುಗಿಬಿಟ್ಟ. ಅವನಿಗೆ ಈಜು ಬರ್ತಿರ್ಲಿಲ್ಲ. ಅದೆಲ್ಲ ಇವತ್ತು ಬೇಡ ಮೇಡಂ.”

“ಆಯ್ತು ಸರ್.”

ಕಾರ್ಯದರ್ಶಿಯ ಪರಿಚಯವಾಯಿತು, ಖಜಾಂಚಿಯದೂ ಆಯಿತು. ಅಧ್ಯಕ್ಷರು ನಿರಾಳವಾಗಿ ಎದ್ದು ಸಭೆಗೆ ಕೈಮುಗಿದರು. ಚಪ್ಪಾಳೆ ನಿಲ್ಲುವವರೆಗೂ ಅವಳು ಕಾದಳು.

“ಇವರು ನಮ್ಮ ಅಧ್ಯಕ್ಷರು. ತುಂಬಿದ ಹೊಳೆಯಲ್ಲಿ ನನಗೆ ಈಜು ಕಲಿಸಿದ ನಮ್ಮಣ್ಣ ಗಿರಿಧರ ಇಲ್ಲಿನ ಕೆರೆಯಲ್ಲಿ ಮುಳುಗಿದಾಗ ಪಕ್ಕದಲ್ಲಿದ್ದವರು ಇವರೊಬ್ಬರೇ.”